ನೀಲತ್ತೆಯ ಪೇಟೆಯ ನಗು

ನೀಲತ್ತೆಯ ನಗು ಗಜೇಂದ್ರಗಡದ ಪೇಟೆಗೆ ಸೇರಿದ್ದು; ನಮ್ಮ ಮನೆಗೆ ಅದರ ಸರಬರಾಜು ಇರಲಿಲ್ಲ. ತಾನು ಕೆಲಸಕ್ಕಿದ್ದ ಸೀರೆ ಅಂಗಡಿಯ ಗಾದಿಯ ಮೇಲೆ ಕುಳಿತು, "ಬರ್ರಿ ಅಕ್ಕಾರ, ಕುಂದರ್ರಿ. ಮನ್ಯಾಗ ಎಲ್ಲಾರೂ ಆರಾಮ?" ಎಂದು ಅವಳು ಕೇಳಿದರೆ, ಮುಶಿಗೇರಿಯಿಂದ ಬರೀ ರವಿಕೆ ಬಟ್ಟೆಗೆ ಬಂದವರೂ ಎರಡು ಸೀರೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಸಂಜೆ ಅದೇ ಅತ್ತೆ ಮನೆಗೆ ಬಂದು, ಯಾರ ಮುಖವನ್ನೂ ನೋಡದೆ, ಜೋಳದ ಚೀಲಗಳ ಸಂದಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಹಳೆಯ ಸೆರಗಿನ ತುಂಡೊಂದರ ಅಂಚನ್ನು ಬೆರಳಲ್ಲಿ ಉಜ್ಜುತ್ತ, ಹಿಂದಕ್ಕೂ ಮುಂದಕ್ಕೂ ತೂಗುತ್ತ ಒಂದು ತಾಸು. ಆಮೇಲೆ ರೊಟ್ಟಿ, ಮೊಸರು, ಪುಟಾಣಿ ಚಟ್ನಿ. ವರ್ಷವಿಡೀ ಅದೇ. ಪಲ್ಯ ರೊಟ್ಟಿಗೆ ತಗುಲಿದರೆ ತಾಟನ್ನೇ ದೂಡಿಬಿಡುತ್ತಿದ್ದಳು.

ಅವಳು ಅಪ್ಪನ ತಂಗಿ, ಮದುವೆಯಾಗದೆ ನಮ್ಮ ಜೊತೆಗೇ ಇದ್ದವಳು. ಮನೋವಿಜ್ಞಾನದಲ್ಲಿ ಪಾರಂಗತಳಾಗಿದ್ದ ನನ್ನ ಅವ್ವ ಅವಳ ರೋಗವನ್ನು ಎಂದೋ ಪತ್ತೆ ಹಚ್ಚಿದ್ದಳು. "ಸೊಕ್ಕು. ಮಂದಿ ಮುಂದ ಹಲ್ಲು ಬಿಡಾಕ ಬರ್ತೈತಿ, ಮನ್ಯಾಗ ಬಾಯಿ ಬಿಡಾಕ ಆಗಂಗಿಲ್ಲ."

ಒಂದು ಬೆಳಿಗ್ಗೆ ಅತ್ತೆ ಕನ್ನಡಿಯ ಮುಂದೆ ನಿಂತು ಮುಖ ಸಣ್ಣಗೆ ಮಾಡಿಕೊಳ್ಳುವುದನ್ನು ಕಂಡೆ. ಕಾಲೇಜಿಗೆ ಹೋಗುವ ವಯಸ್ಸು ನನಗೆ. "ಏನ್ ಮಾಡಾಕತ್ತೀ ಅತ್ತಿ?" ಎಂದೆ.

"ನಿನ್ನೆ ಅಂಗಡಿಗೆ ಹೊಳೆಮಣ್ಣೂರಿನವ್ರು ಬಂದಿದ್ರು. ಹೊಳಿ ಮನಿಯೊಳಗ ಬಂತು ಅಂದ್ರು, ನಾ ನಕ್ಕಬಿಟ್ಟೆ. ಅಲ್ಲಿ ನಗಬಾರದಂತ. ಅದಕ್ಕ ಕಲ್ಯಾಕತ್ತೀನಿ."

ಇಂಥ ಅಮೂಲ್ಯ ಸಂಗತಿಯನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದುಂಟೆ? ಊಟದ ಹೊತ್ತಿಗೆ ಅಭಿನಯ ಸಮೇತ ಎಲ್ಲರಿಗೂ ಹೇಳಿದೆ. ಎಲ್ಲರೂ ಒಂದು ವಾರ ನಕ್ಕರು. ಅತ್ತೆ ಅಂದಿನಿಂದ ಬಚ್ಚಲಮನೆಯ ಚಿಲಕ ಹಾಕಿಕೊಂಡು ಕಲಿಯತೊಡಗಿದಳು.

ಕೊನೆಗೆ ಅಪ್ಪ ಅವಳನ್ನು ರೋಣದ ಒಬ್ಬ ಡಾಕ್ಟರರಿಗೆ ತೋರಿಸಿದ. ಅತ್ತೆ ಸೆರಗು ಸರಿಮಾಡಿಕೊಂಡು, ಡಾಕ್ಟರರ ಮಕ್ಕಳ ಕ್ಷೇಮ ವಿಚಾರಿಸಿ, ದವಾಖಾನಿ ಭಾಳ ಸ್ವಚ್ಛ ಐತಿ ಎಂದು ಹೊಗಳಿದಳು. ಡಾಕ್ಟರರು, "ಇವ್ರು ಭಾಳ ಚಲೋ ಅದಾರ. ನೀವ ಚಿಂತಿ ಕಡಿಮಿ ಮಾಡ್ರಿ," ಎಂದು ಅಪ್ಪನ ರಕ್ತದೊತ್ತಡ ನೋಡಿ ಅಪ್ಪನಿಗೇ ಗುಳಿಗೆ ಬರೆದುಕೊಟ್ಟರು.

ಇನ್ನೇನು ಬೇಕು? ಅತ್ತೆ ಮನೆಯಲ್ಲಿ ಮಾಡುವುದೆಲ್ಲ ನಾಟಕವೆಂದು ಸಾಬೀತಾಯಿತು. ಅವ್ವ ಜೋಳದ ಚೀಲ ತೆಗೆಸಿ ಅಲ್ಲಿ ಫ್ರಿಜ್ ಇಡಿಸಿದಳು. "ಇನ್ನ ಎಲ್ಲಾರ ಜೋಡಿ ಕುಂತು ಟೀವಿ ನೋಡು." ಅತ್ತೆ ಹಾಗೇ ಮಾಡಿದಳು. ಮನೆಯಲ್ಲೂ ನಗತೊಡಗಿದಳು, ಅವ್ವನಿಗೆ "ಊಟ ಆತ್ರಿ ವೈನಿ?" ಎನ್ನತೊಡಗಿದಳು. ಸುಧಾರಿಸಿದಳೆಂದು ನಾವೆಲ್ಲ ಬೀಗಿದೆವು.

ಆ ಸುಧಾರಣೆ ಒಂದೂವರೆ ತಿಂಗಳು ಬಾಳಿತು. ದೀಪಾವಳಿಯ ಸಂತೆಯ ದಿನ ಅಂಗಡಿ ತುಂಬ ಜನ, ಹೊರಗೆ ಮೈಕಿನ ಗದ್ದಲ. ಗಿರಾಕಿಯೊಬ್ಬಳು ಲಗೂ ತೋರಿಸೆಂದು ರಟ್ಟೆ ಹಿಡಿದು ಎಳೆದಳಂತೆ. ಅತ್ತೆ ಸೀರೆಯ ರಾಶಿಯ ಹಿಂದೆ ಕುಸಿದು, ಕಿವಿ ಮುಚ್ಚಿಕೊಂಡು ಕಿರುಚಿದಳು. ಹೇಳಿಕಳಿಸಿದಾಗ ಕರೆತರಲು ಹೋದವನು ನಾನು. ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: "ಮನ್ಯಾಗೂ ಅಂಗಡಿ ತಗದ್ರ, ನಾ ಮುಚ್ಚೂದ ಯಾವಾಗೋ?"

ನಾನು ನಾಚಿದ್ದು ಅವತ್ತು. ಯಾರನ್ನೂ ಕೇಳದೆ ಅವಳನ್ನು ಹುಬ್ಬಳ್ಳಿಗೆ, ಮನೋವೈದ್ಯರ ಬಳಿ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ, "ಮನಿಗೆ ಹೋದಮ್ಯಾಲೆ ಏನ್ ಮಾಡ್ತೀರಿ?" ಎಂದು ಕೇಳಿದರು. ಅತ್ತೆ ಮೇಜನ್ನೇ ನೋಡುತ್ತ ಒಂದು ತಾಸು ಮಾತಾಡಿದಳು. ಇದು ಆಟಿಸಂ, ಹುಟ್ಟಿನಿಂದಲೇ ಇದೆ ಎಂದರು ಡಾಕ್ಟರಮ್ಮ. ಹೊರಗಿನ ನಡವಳಿಕೆ ಅವಳು ಕಲಿತು ಹೊತ್ತ ಭಾರ, ಮನೆ ಅದನ್ನು ಇಳಿಸುವ ಜಾಗ.

ಅಪ್ಪ ಒಪ್ಪಲಿಲ್ಲ. "ಅದು ಸಣ್ಣ ಹುಡುಗರಿಗೆ ಇರೂದು."

"ನಾನೂ ಸಣ್ಣಾಕಿ ಇದ್ನಲ್ಲೋ ಅಣ್ಣಾ," ಎಂದಳು ಅತ್ತೆ.

ಎಲ್ಲ ಬಲ್ಲವರ ಮನೆಯಲ್ಲಿ ಫ್ರಿಜ್ ಇದ್ದಲ್ಲೇ ಉಳಿಯಿತು. ಮರುವಾರವೇ ಅವಳು ಅಂಗಡಿಯನ್ನೂ ಬಿಟ್ಟು, ನರಗುಂದದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಸೀರೆಗೆ ಕುಚ್ಚು ಕಟ್ಟುವ ಕೆಲಸಕ್ಕೆ ಕುಳಿತಳು.

ಕೆಲವು ತಿಂಗಳ ಮೇಲೆ ನಾನು ಅಲ್ಲಿಗೆ ಹೋದೆ. ಬಾಗಿಲು ತೆರೆದವಳೇ, "ಬರ್ರಿ, ಕುಂದರ್ರಿ, ಮನ್ಯಾಗ ಎಲ್ಲಾರೂ ಆರಾಮ?" ಎಂದು ತುಂಬ ಚೆನ್ನಾಗಿ ನಕ್ಕಳು.

"ನಗಬ್ಯಾಡ ಅತ್ತಿ. ನಾ ಸುಮ್ನ ಕುಂದರ್ತೀನಿ."

ಅವಳು ನನ್ನನ್ನಲ್ಲ, ನನ್ನ ಅಂಗಿಯ ಗುಂಡಿಯನ್ನು ಸ್ವಲ್ಪ ಹೊತ್ತು ನೋಡಿದಳು. ಮುಖ ಮೆಲ್ಲಗೆ ಸಡಿಲವಾಯಿತು. ಬೆನ್ನು ತಿರುಗಿಸಿ ಕುಳಿತು ಕುಚ್ಚು ಕಟ್ಟತೊಡಗಿದಳು. ಎರಡು ತಾಸು ನಾವು ಒಂದೂ ಮಾತಾಡಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದಾಗ, ತಿರುಗದೆಯೇ ಹೇಳಿದಳು: "ಇವತ್ತ ದಣಿವ ಆಗಲಿಲ್ಲ. ಮತ್ತ ಬಾ."

ಹೋಗಬೇಕೆಂದೇ ಇದ್ದೆ. ಮಳೆಗಾಲಕ್ಕೆ ಮುಂಚೆ ಒಂದು ಮುಂಜಾನೆ, ಅತ್ತೆ ಮಲಗಿದವಳು ಏಳಲಿಲ್ಲವೆಂದು ಖೋಲಿಯ ಮಾಲೀಕರು ಫೋನು ಮಾಡಿದರು.