ಅಪ್ಪನ ಕಿವಿಗೆ ಓದಿದ ಪುಸ್ತಕಗಳು

ಇವತ್ತು ಮಧ್ಯಾಹ್ನ ಮೊಮ್ಮಗಳ ಶಾಲೆಯ ಚೀಲ ಸರಿಮಾಡುವಾಗ ಒಂದು ತೆಳ್ಳನೆಯ ಪುಸ್ತಕ ಕೈಗೆ ಬಂತು. ನಿಘಂಟು ಬರೆದ ಹಿರಿಯರೊಬ್ಬರ ಬದುಕನ್ನು ಮಕ್ಕಳಿಗಾಗಿ ಬಣ್ಣದ ಚಿತ್ರಗಳಲ್ಲಿ ಹೇಳಿದ ಪುಸ್ತಕ. ಶಾಯಿಯ ವಾಸನೆ ಇನ್ನೂ ಹಸಿಯಾಗಿತ್ತು. ಎರಡು ಪುಟ ತಿರುವಿ ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಈ ವಯಸ್ಸಿನಲ್ಲಿ ಕೂತವಳು ಬೇಗ ಏಳುವುದಿಲ್ಲ. ನೀವೂ ಸ್ವಲ್ಪ ಹೊತ್ತು ಜೊತೆಗಿರಿ.

ಐವತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ನಾನು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಸಂಜೆ ಬರುವಾಗ ತಲೆ, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ಕೈಕಾಲು ತೊಳೆದು ಗೋಡೆಗೆ ಒರಗಿದನೆಂದರೆ ಮುಗಿಯಿತು, ಊಟಕ್ಕೆ ಎಬ್ಬಿಸಲು ಅವ್ವನಿಗೆ ಸಾಕುಸಾಕಾಗುತ್ತಿತ್ತು. ಅವನ ನಿದ್ದೆ ತಡೆಯಲಿಕ್ಕೆಂದೇ ನಾನು ಶಾಲೆಯ ಬೀರುವಿನಿಂದ ತಂದ ಚಿತ್ರದ ಪುಸ್ತಕಗಳನ್ನು ಓದುತ್ತಿದ್ದೆ. ಎಲ್ಲವೂ ಮಾತಿಗೆ ಮರುಳಾದವರ ಕಥೆಗಳೇ. ಊರೂರು ತಿರುಗಿ ಪದ ಕೂಡಿಸಿದವರು, ಕಣ್ಣಿಲ್ಲದೆ ಹಾಡು ಕಟ್ಟಿದವರು, ವ್ಯಾಕರಣಕ್ಕಾಗಿ ಊಟ ಮರೆತವರು. ವ್ಯಾಕರಣಕ್ಕೆ ಊಟ ಮರೆಯುವುದನ್ನು ನಾನು ಆಗ ನಂಬಲಿಲ್ಲ. ವರ್ಷಗಟ್ಟಲೆ ಅದನ್ನೇ ಪಾಠ ಮಾಡಿದ ಮೇಲೂ ನಂಬಲಿಲ್ಲ. ಅಪ್ಪನಿಗೆ ಕಥೆಗಿಂತ ಪದಗಳ ಸದ್ದು ಇಷ್ಟ. ಹಿಡಿಸಿದ ಪದ ಬಂದರೆ, "ಇನ್ನೊಂದ್ಸಲ ಅನ್ನು," ಎನ್ನುತ್ತಿದ್ದ.

ಒಂದು ಸಂಜೆ, ನಿಘಂಟಿನವರು ಬೆಳಗಿನ ಇಬ್ಬನಿಯಲ್ಲಿ ನಡೆದು ಹೊರಟರು ಎಂದು ಓದಿದೆ. ಅಪ್ಪ ಕಣ್ಣು ಬಿಟ್ಟ.

"ಬೆಳಬೆಳಗ್ಗೆ ಯಾಕ ಕಂಬನಿ? ಯಾರು ಸತ್ರು?"

ನಾನು ಹೊಟ್ಟೆ ಹಿಡಿದು ನಕ್ಕೆ. ಅವ್ವ ನಗಲಿಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಅವನ ಕಣ್ಣಿಗೆ ಬೀಳದಂತೆ ಪಕ್ಕಕ್ಕೆ ಬಂದು ಮೆಲ್ಲಗೆ ಕರೆದಳು, "ನೋಡ್ರಿ, ಇಲ್ಲಿ." ಅವನು ತಿರುಗಲಿಲ್ಲ. ಮತ್ತೆ ಕರೆದಳು. ನನ್ನ ನಗೆ ಅಲ್ಲಿಗೇ ನಿಂತಿತು.

ಕಿವಿ ಮಂದವಾಗುತ್ತಿರುವುದು ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ. ಮಗ್ಗಗಳ ಸದ್ದಿನಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದರಿಂದ ಗಿರಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೂವರೂ ರೈಲಿನಲ್ಲಿ ಹರಿಹರಕ್ಕೆ ಹೋಗಿ ಡಾಕ್ಟರರನ್ನು ಕಂಡೆವು.

"ಮಗ್ಗದ ಸದ್ದು ಕಿವಿ ತಿಂದೈತ್ರಿ. ಹೋದದ್ದು ಬರಲ್ಲ. ಆ ಕೆಲಸ ಬಿಟ್ರೆ ಉಳಿದದ್ದು ಉಳೀಬೋದು," ಎಂದರು ಅವರು.

ವಾಪಸು ಹೊರಡುವ ಮುಂಚೆ ಅಲ್ಲಿನ ಹೊಳೆಯ ದಂಡೆಯಲ್ಲಿ ಕೂತಾಗ ಅವ್ವ ಅಪ್ಪನ ಕಿವಿಗೆ ಬಾಯಿಟ್ಟು ಅದನ್ನೇ ಹೇಳಿದಳು.

"ಬಿಟ್ಟು ಏನು ತಿನ್ನಾಣ?" ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಕಿವಿ ಕೇಳೋವರ್ಗೂ ನೀನು ಓದವ್ವ," ಎಂದ.

ಓದಿದೆ, ವರ್ಷದಿಂದ ವರ್ಷಕ್ಕೆ ದನಿ ಏರಿಸುತ್ತ. ಪಕ್ಕದ ಮನೆಯ ಬೀಬಮ್ಮ ಒಮ್ಮೆ ಬಾಗಿಲಿಗೇ ಬಂದು, "ಯಾಕವ್ವ, ಹೆತ್ತಪ್ಪನ ಮ್ಯಾಲೆ ಹಿಂಗೆ ಕೂಗಾಡ್ತೀಯಾ?" ಎಂದು ಗದರಿದಳು. ನಾನು ಟೀಚರ್ ಆಗುವ ಹೊತ್ತಿಗೆ ಅಪ್ಪನಿಗೆ ಏನೂ ಕೇಳಿಸುತ್ತಿರಲಿಲ್ಲ. ಓದು ನಿಂತಿತು. ನಿಜ ಹೇಳಬೇಕೆಂದರೆ, ನನ್ನಲ್ಲೂ ಕಸುವು ಉಳಿದಿರಲಿಲ್ಲ.

ಒಂದು ದಿನ ಶಾಲೆಯಿಂದ ಬಂದವಳು ಗಂಟಲು ಕಟ್ಟಿ ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಅಪ್ಪ ಪಕ್ಕದಲ್ಲಿ ಕೂತು ತಾನೇ ಒಂದು ಪುಸ್ತಕ ಬಿಡಿಸಿದ. ಅಕ್ಷರಕ್ಕೆ ಅಕ್ಷರ ಕೂಡಿಸಿ ನನಗೆ ಓದತೊಡಗಿದ. ತನ್ನ ದನಿ ತನಗೇ ಕೇಳದವನು. ಒಂದು ಪದ ಬೀದಿಗೆಲ್ಲ ಕೇಳುವಷ್ಟು ಜೋರು, ಮುಂದಿನದು ಬರೀ ಉಸಿರು. ಪ್ರತಿ ಸಾಲು ಮುಗಿದಾಗ, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಿದ್ದ. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಪುಸ್ತಕ ಮುಗಿಯುವವರೆಗೂ ನಾನು ನಿದ್ದೆ ಮಾಡಲಿಲ್ಲ.

ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಈಗ ನನಗೂ ದಣಿವು ಮೈಗಂಟಿಕೊಂಡಿದೆ; ಯಾರು ಏನೆಂದರೂ ಇದ್ದಲ್ಲಿಂದಲೇ ಹೂಂ ಎಂದು ಸುಮ್ಮನಾಗುತ್ತೇನೆ. ಇವತ್ತೂ ಅಡುಗೆಮನೆಯಿಂದ ಸೊಸೆ ಏನೋ ಹೇಳುತ್ತಿದ್ದಳು. ಈ ಸಲ ಹೂಂ ಎನ್ನದೆ ನಿಧಾನವಾಗಿ ಎದ್ದು ಹೋಗಿ ಅವಳೆದುರು ಕುರ್ಚಿ ಹಾಕಿಕೊಂಡು ಕೂತೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಒಲೆ ಆರಿಸಿದಳು. ಅವಳಿಗೆ ಹೇಳುವುದು ಬಹಳ ಇತ್ತು.