ಕಬ್ಬಿಣದ ಚಿಕ್ಕಲಕ್ಷ್ಮಮ್ಮ

ಕೋಡಿಹಳ್ಳಿಯ ಪಕ್ಕದ ಊರಿನಲ್ಲಿ ಚಿಕ್ಕಲಕ್ಷ್ಮಮ್ಮ ಇಪ್ಪತ್ತೆಂಟು ವರ್ಷ ಅಂಗನವಾಡಿ ಆಯಾ ಆಗಿದ್ದರು. ಆ ಊರಿನ ಯಾವ ಬಸುರಿಯೂ ಅವರ ಕೈ ತಪ್ಪಿಸಿಕೊಂಡವಳಲ್ಲ. ಸರ್ಕಾರ ಕೊಡುವ ಕಬ್ಬಿಣಾಂಶದ ಕೆಂಪು ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಹೆಣ್ಣುಮಕ್ಕಳು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ರಾಗಿ ಹೊಲಕ್ಕೆ ಎಸೆಯುತ್ತಿದ್ದ ಕಾಲ. ಆಯಮ್ಮ ಎದುರಿಗೇ ನಿಂತು ನುಂಗಿಸುತ್ತಿದ್ದರು. ಅಷ್ಟಕ್ಕೂ ಬಿಡದೆ, "ಬಾಯ್ ತೆಗಿ, ನಾಲ್ಗೆ ಎತ್ತು" ಅನ್ನುತ್ತಿದ್ದರು. ನಾಲಿಗೆಯ ಕೆಳಗೆ ಕೆಂಪು ಕಂಡಿತೋ, ಅವತ್ತು ಆ ಹುಡುಗಿಗೆ, ಅವಳ ಗಂಡನಿಗೆ, ಅವಳ ತವರಿಗೆ, ಎಲ್ಲರಿಗೂ ಮಂಗಳಾರತಿ. ಮಾತ್ರೆ ನುಂಗಿದ ಮೇಲೆ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದು ತರಬೇತಿಯಲ್ಲಿ ಕೇಳಿದ್ದನ್ನು ಊರಿಗೆಲ್ಲ ಸಾರಿದ್ದೂ ಅವರೇ. ಊರು ಅವರಿಗೆ ಕಬ್ಬಿಣದ ಚಿಕ್ಕಲಕ್ಷ್ಮಮ್ಮ ಎಂದು ಹೆಸರಿಟ್ಟಿತು. ಮೇಲೆ ಬೈದರೂ ಒಳಗೊಳಗೇ ಅವರಿಗೆ ಅದು ಖುಷಿಯೇ ಆಗಿತ್ತು.

ಇಂಥವರ ಮನೆಯಲ್ಲೇ ಮೊಮ್ಮಗಳು ಐಶ್ವರ್ಯ ಎಂಟು ತಿಂಗಳ ಕೂಸಾಗಿದ್ದಾಗ ಸುಣ್ಣದ ಹಾಗೆ ಬಿಳಿಚಿಕೊಂಡಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅದಕ್ಕೆ ಥಲಸ್ಸೀಮಿಯಾ ಅಂದರು. ಮಗುವಿನ ಮೈ ಸರಿಯಾದ ರಕ್ತ ಮಾಡಿಕೊಳ್ಳುವುದಿಲ್ಲ, ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದಿದೆ, ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸುತ್ತಲೇ ಇರಬೇಕು ಅಂದರು. ಸೊಸೆ ಶ್ರುತಿ ಚಿಕ್ಕಲಕ್ಷ್ಮಮ್ಮನವರ ಅಣ್ಣನ ಮಗಳು. ಮಗ ನೀಲಕಂಠನಿಗೆ ಇವಳೇ ಆಗಬೇಕು ಎಂದು ಹಟ ಹಿಡಿದು ತಂದುಕೊಂಡವರು ಇವರೇ. ಇಬ್ಬರ ಕಡೆಯಿಂದ ಅಂದರೆ ಎರಡೂ ನನ್ನ ಕಡೆಯೇ ತಾನೆ ಎಂದು ಅವತ್ತು ಅನಿಸಿದ್ದು, ಮತ್ತೆ ಅವರ ಎದೆಯಿಂದ ಎದ್ದು ಹೋಗಲಿಲ್ಲ.

ಐಶುಗೆ ದಿನವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕಿತ್ತು. ಅವಳಿಗೆ ಏಳು ವರ್ಷ ಆಗುವವರೆಗೂ ಆ ಕೆಲಸ ಶ್ರುತಿಯದೇ. ಅವಳು ಗಾರ್ಮೆಂಟ್ಸ್ ಸೇರಿ ಆರಕ್ಕೇ ವ್ಯಾನು ಹತ್ತಬೇಕಾದಾಗ ಅದು ಅತ್ತೆಯ ಕೈಗೆ ಬಂತು. ಯಾತರ ಮಾತ್ರೆ ಎಂದು ಅತ್ತೆ ಕೇಳಿದರು. ಮೈಯಲ್ಲಿರುವ ಕಬ್ಬಿಣ ತೆಗೆಯುವ ಮಾತ್ರೆ ಎಂದು ಚಪ್ಪಲಿ ಮೆಟ್ಟುತ್ತಲೇ ಹೇಳಿ ಶ್ರುತಿ ಓಡಿದಳು.

ತೆಗೆಯುವುದಂತೆ! ಚಿಕ್ಕಲಕ್ಷ್ಮಮ್ಮನವರಿಗೆ ತಲೆ ಕೆಟ್ಟುಹೋಯಿತು. ಇಪ್ಪತ್ತೆಂಟು ವರ್ಷ ಊರಿನ ಮೈಗೆಲ್ಲ ಕಬ್ಬಿಣ ತುಂಬಿದವರು ತಮ್ಮ ಮನೆಯ ಮಗುವಿನ ಮೈಯಿಂದ ಅದನ್ನು ತೆಗೆಯಬೇಕೆ? ಮೊದಲೇ ರಕ್ತ ಇಲ್ಲದ ಕೂಸು. ಆದರೂ ಎರಡು ವಾರ ಕುಡಿಸಿದರು. ಮಗು ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿದ್ದು ಕಂಡ ಮೇಲೆ ಅವರು ತೀರ್ಮಾನ ಮಾಡಿಬಿಟ್ಟರು. ಅವತ್ತಿನಿಂದ ಆ ಲೋಟ ದಿನವೂ ಹಿತ್ತಿಲ ನುಗ್ಗೆ ಗಿಡದ ಬುಡಕ್ಕೆ ಹೋಯಿತು. ಮಗುವಿಗೆ ಬೆಲ್ಲ ಹಾಕಿದ ರಾಗಿ ಅಂಬಲಿ, ನುಗ್ಗೆ ಸೊಪ್ಪಿನ ಸಾರು, ಜೊತೆಗೆ ಮೆಡಿಕಲ್ ಸ್ಟೋರಿನಿಂದ ತಂದ ಕಬ್ಬಿಣದ ಟಾನಿಕ್ ಎರಡು ಚಮಚ. ಖಾಲಿ ಶೀಟು ಮಾತ್ರ ಸೊಸೆಯ ಕಣ್ಣಿಗೆ ಬೀಳುವ ಕಡೆ ಇಡುತ್ತಿದ್ದರು. ಹೀಗೆ ಏಳು ತಿಂಗಳು ನಡೆಯಿತು.

ಆಮೇಲೊಂದು ದಿನ ಎಲ್ಲರೂ ಬೆಂಗಳೂರಿಗೆ ಹೋದರು. ಐಶುವಿನ ತಮ್ಮ, ಮೂರು ವರ್ಷದ ಪುಟ್ಟ, ಅವನ ಮೂಳೆಯೊಳಗಿನ ಮಜ್ಜೆ ಅಕ್ಕನಿಗೆ ಹೊಂದುತ್ತದೋ ಇಲ್ಲವೋ ಎಂದು ತಿಳಿಯುವ ದಿನ. ಹೊಂದಿದರೆ ಅದನ್ನು ಕೊಟ್ಟು ಕಾಯಿಲೆಯನ್ನೇ ಕಳೆಯಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಹೊಂದಿತು. ಶ್ರುತಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಆದರೆ ಡಾಕ್ಟರಮ್ಮ ಇನ್ನೊಂದು ಹಾಳೆ ತಿರುವಿದರು. ಸಾವಿರದ ಆಸುಪಾಸಿನಲ್ಲಿರಬೇಕಾದ ಮೈಯಲ್ಲಿನ ಕಬ್ಬಿಣ ಮೂರು ಸಾವಿರದ ಎಂಟುನೂರಕ್ಕೆ ಏರಿದೆ, ಲಿವರ್ ಕೆಡುತ್ತಿದೆ, ಹೀಗಿರುವಾಗ ಮಜ್ಜೆ ಕೊಡುವುದಕ್ಕೆ ಆಗುವುದಿಲ್ಲ ಅಂದರು. ಮಾತ್ರೆ ದಿನವೂ ಕೊಡುತ್ತಿದ್ದೀರಾ ಎಂದು ಕೇಳಿದರು.

ಶ್ರುತಿ ಯೋಚಿಸಲೂ ಇಲ್ಲ. "ನಮ್ಮತ್ತೆ ಕೈಲಿ ಒಂದ್ ಮಾತ್ರೆನೂ ತಪ್ಪಕ್ಕಿಲ್ಲ ಮೇಡಂ."

ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಚಿಕ್ಕಲಕ್ಷ್ಮಮ್ಮ ಅವನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಕಬ್ಬಿಣ ಇದ್ದರೆ ರಕ್ತ ಆಗುವುದಿಲ್ಲವಾ ಎಂದು ಮೆಲ್ಲಗೆ ಕೇಳಿದರು. ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳದೆ ಬಿಡಿಸಿ ಹೇಳಿದರು. ಬಸುರಿಯರ ಮಾತು ಬೇರೆ, ಅವರಿಗೆ ಕಬ್ಬಿಣ ಸಾಲದು. ಇವಳಿಗೆ ಹಾಕುವ ಒಂದೊಂದು ಚೀಲ ರಕ್ತದಲ್ಲೂ ಕಬ್ಬಿಣ ಬರುತ್ತದೆ, ಬಂದದ್ದು ಲಿವರಿನಲ್ಲಿ, ಹೃದಯದಲ್ಲಿ ಕೂತುಬಿಡುತ್ತದೆ. "ಒಳಗೆ ಬರೋಕೆ ದಾರಿ ಇದೆ ಅಜ್ಜಿ, ಹೊರಗೆ ಹೋಗೋಕೆ ಔಷಧಿ ಒಂದೇ."

ಹೇಳಿ ಅವರು ಬರೆಯತೊಡಗಿದರು. ಈ ಮಾತ್ರೆ ಇವಳಿಗೆ ಹಿಡಿಯುತ್ತಿಲ್ಲ, ಇನ್ನು ರಾತ್ರಿಯೆಲ್ಲ ಹೊಟ್ಟೆಗೆ ಸೂಜಿ ಚುಚ್ಚಿಟ್ಟು ಪಂಪಿನಲ್ಲಿ ಔಷಧಿ ಬಿಡಬೇಕು, ಅದೂ ಹಿಡಿಯದಿದ್ದರೆ ಮಜ್ಜೆಯ ಆಸೆ ಬಿಡಬೇಕಾದೀತು ಅಂದರು. ಚಿಕ್ಕಲಕ್ಷ್ಮಮ್ಮ ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಸೂಜಿ ಹೋಗುವುದು ಮಗುವಿನ ಹೊಟ್ಟೆಗೆ.

"ಬರೀಬ್ಯಾಡಿ ತಾಯಿ," ಅಂದರು. "ಮಾತ್ರೆ ಅವ್ಳ ಹೊಟ್ಟೆಗೆ ಹೋಗೇ ಇಲ್ಲ. ನಾನೇ ನುಗ್ಗೆ ಗಿಡಕ್ಕೆ ಹುಯ್ದ್‌ಬುಟ್ಟಿವ್ನಿ."

ಶ್ರುತಿ ಐಶುವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕೇಬಿಟ್ಟರು.

"ಔಷಧಿ ಹಿಡೀತಿಲ್ಲ ಅಂತ ಹೆದರಿದ್ದೆ. ಕೊಟ್ಟೇ ಇಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ. ಕೊಟ್ರೆ ಹಿಡಿಯುತ್ತೆ."

ಬೈಯದೆ ಬಿಡಲಿಲ್ಲ, ಬೈದರು. ಅಜ್ಜಿ ಟಾನಿಕ್ಕಿನ ವಿಷಯವನ್ನೂ ಒಪ್ಪಿಕೊಂಡಾಗ, ಅದನ್ನು ಇವತ್ತೇ ಬಿಸಾಡಬೇಕು, ಊಟದ ಜೊತೆ ಒಂದಿಷ್ಟು ಕಪ್ಪು ಟೀ ಕೊಡಿ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಎಂದೂ ಹೇಳಿದರು. ಇದೊಂದು ವಿಷಯ ಚಿಕ್ಕಲಕ್ಷ್ಮಮ್ಮನವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಶ್ರುತಿಗೆ ನಗು ಬರಲಿಲ್ಲ. ಬಸ್ಸು ಕನಕಪುರ ದಾಟಿದರೂ ಅವಳು ಅತ್ತೆಯ ಕಡೆ ತಿರುಗಲಿಲ್ಲ. ಮಾರನೆಯ ದಿನದಿಂದ ಐದಕ್ಕೇ ಮಗಳನ್ನು ಎಬ್ಬಿಸಿ ತಾನೇ ಕುಡಿಸಿದಳು. ನಾಲ್ಕು ದಿನ ಆದ ಮೇಲೆ ಗೊತ್ತಾಯಿತು, ಐಶು ಅದನ್ನು ಕೆನ್ನೆಯಲ್ಲಿ ತುಂಬಿಕೊಂಡು ಹೋಗಿ ಬಚ್ಚಲಲ್ಲಿ ಉಗಿಯುತ್ತಿದ್ದಳು. ಐದನೆಯ ದಿನ ಶ್ರುತಿ ಮಾತ್ರೆಯ ಶೀಟು ತಂದು ಅತ್ತೆಯ ಮುಂದೆ ಹಿಡಿದಳು. "ಇವ್ಳನ್ನ ಹಿಡಿಯಾಕೆ ನೀವೇ ಸರಿ ಅತ್ತೆ," ಅಂದಳು. ಅಷ್ಟು ದಿನಕ್ಕೆ ಆಡಿದ ಮೊದಲ ಮಾತು ಅದು.

ಅವತ್ತಿನಿಂದ ಐಶುವಿನ ಆಟ ನಡೆಯಲಿಲ್ಲ. ಬಾಯಿ ತೆಗೆ, ನಾಲಿಗೆ ಎತ್ತು, ಈ ಕೆನ್ನೆ ತೋರಿಸು, ಆ ಕೆನ್ನೆ ತೋರಿಸು. ನೆಂಟರ ಮನೆಗೆ ಹೋದರೂ ಮಾತ್ರೆ ಸೊಂಟದ ಚೀಲದಲ್ಲಿ ಇರುತ್ತಿತ್ತು. ಟೀ ಅಂದರೆ ಊರವರನ್ನು ಗದರುತ್ತಿದ್ದ ಆಯಮ್ಮ ಮೊಮ್ಮಗಳ ಮುದ್ದೆಯ ಪಕ್ಕಕ್ಕೆ ತಾವೇ ಟೀ ಕಾಯಿಸಿ ಇಟ್ಟರು. ಬೀದಿಯ ಹೆಂಗಸರು ರೇಗಿಸಿದರೆ, ನಿಮಗಲ್ಲ ಇದು, ಇವಳಿಗೊಬ್ಬಳಿಗೇ ಎಂದು ಗದರಿಕೊಂಡೇ ಲೋಟ ತುಂಬುತ್ತಿದ್ದರು.

ಹದಿನಾಲ್ಕು ತಿಂಗಳ ಮೇಲೆ ಮತ್ತೆ ಅದೇ ಕೋಣೆ. ಡಾಕ್ಟರಮ್ಮ ಹಾಳೆ ತಿರುವಿದರು. ಕಬ್ಬಿಣ ಸಾವಿರದ ಇನ್ನೂರಕ್ಕೆ ಇಳಿದಿತ್ತು, ಲಿವರ್ ಚೆನ್ನಾಗಿತ್ತು. ಬರುವ ತಿಂಗಳು ಮಗುವನ್ನು ಸೇರಿಸಿ, ಪುಟ್ಟನ ಮಜ್ಜೆ ಕೊಡೋಣ ಅಂದರು. ಇಷ್ಟು ಚೆನ್ನಾಗಿ ಇಳಿಸಿದ್ದೀರಲ್ಲ, ಒಂದು ದಿನವೂ ತಪ್ಪಿಸಲಿಲ್ಲವಾ ಎಂದು ಕೇಳಿದರು.

ಶ್ರುತಿ ಅತ್ತೆಯ ಕೈ ಹಿಡಿದುಕೊಂಡಳು. "ನಮ್ಮತ್ತೆ ಕೈಲಿ ಒಂದ್ ಮಾತ್ರೆನೂ ತಪ್ಪಕ್ಕಿಲ್ಲ ಮೇಡಂ."

ಹೋದ ಸಲ ಆಡಿದ ಮಾತೇ, ಒಂದಕ್ಷರ ಬದಲಿಲ್ಲ. ಈ ಸಲ ಅದು ನಿಜವಾಗಿತ್ತು. ಚಿಕ್ಕಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ಅಳು ನಿಲ್ಲಲಿಲ್ಲ. ಅಳುತ್ತಲೇ ಮೊಮ್ಮಗಳ ಕಡೆ ತಿರುಗಿದರು. ಅಜ್ಜಿ ತನ್ನನ್ನೇ ನೋಡುತ್ತಿರುವುದು ಕಂಡು ಐಶು, ಯಾರೂ ಕೇಳದೆಯೇ, ಬಾಯಿ ತೆಗೆದು ನಾಲಿಗೆ ಎತ್ತಿದಳು.