ಅತ್ತೆ ಉಡಲಾರದ ಸೀರೆ

ಇಂದು ಬೆಳಿಗ್ಗೆ ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಉಣಕಲ್ಲಿನ ನಮ್ಮ ತವರುಮನೆಯಲ್ಲಿರುವ, ಅಪ್ಪನ ತಂಗಿ ಶಾಂತತ್ತೆ ನೆನಪಾದಳು.

ನಾನು ಚಿಕ್ಕವಳಿದ್ದಾಗ ಒಮ್ಮೆ, ಗಂಜಿಯ ಹೊಸ ಸೀರೆ ಉಡಿಸಿ ಕೂರಿಸಿದ್ದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಬಾಗಿಲ ಹಿಂದೆ ನಿಂತು ನಾನು ಇಣುಕುತ್ತಿದ್ದೆ. ಅತ್ತೆ ಯಾರ ಮುಖವನ್ನೂ ನೋಡದೆ, “ಈ ಸೀರಿ ಮೈಗೆ ಚುಚ್ಚಾಕತ್ತೈತಿ, ಬದಲಿಸಿ ಬರ್ತೇನಿ” ಎಂದು ಎದ್ದು ಹೋದಳು.

“ಹುಡುಗಿಗೆ ಭಾಳ ಸೊಕ್ಕೈತ್ರಿ” ಎಂದು ಬಂದವರೂ ಎದ್ದರು.

ಆಮೇಲೆ ಅಪ್ಪ ಅವಳೊಡನೆ ಮಾತನ್ನೇ ಕಡಿಮೆ ಮಾಡಿಬಿಟ್ಟ. ಅಜ್ಜಿ ಮಾತ್ರ ಬೈಯದೆ ತನ್ನ ಹಳೆಯ ಮೆತ್ತನೆಯ ಸೀರೆಗಳನ್ನು ಕೊಟ್ಟಳು. ಮದುವೆಯಾಗದೆ ಆ ಮನೆಯಲ್ಲೇ ಉಳಿದ ಅತ್ತೆ ಅವನ್ನೇ ಉಟ್ಟು ಶಾಲೆಯಲ್ಲಿ ಗಣಿತ ಕಲಿಸಿದಳು.

ನನ್ನ ಮಗಳೂ ಯಾರ ಮುಖವನ್ನೂ ನೋಡುವುದಿಲ್ಲ, ಅಂಗಿಯ ಹೊಲಿಗೆ ಚುಚ್ಚುತ್ತದೆಂದು ಅಳುತ್ತಾಳೆ. ಮೊನ್ನೆ ಧಾರವಾಡದ ಡಾಕ್ಟರು ಹೇಳಿದರು: “ಇದು ರೋಗ ಅಲ್ರಿ, ಹಟಾನೂ ಅಲ್ಲ. ಹುಟ್ಟಿನಿಂದನ ಮೆದುಳು ಬ್ಯಾರೆ ರೀತಿ ಬೆಳದಿರತೈತಿ. ಮೊದಲ ಆಸ್ಪರ್ಜರ್ ಅಂತಿದ್ರು, ಈಗ ಆಟಿಸಂ ಅಂತೇವಿ. ತಿಳಕೊಂಡು ನಡದ್ರ ಛಲೋ ಬೆಳೀತಾಳ್ರಿ.”

ಇವತ್ತು ಉಣಕಲ್ಲಿಗೆ ಹೋಗಿ ಅದನ್ನು ಅತ್ತೆಗೆ ಹೇಳಿ, “ನಿನಗೂ ಹಿಂಗ ಇರಬೇಕು” ಎಂದೆ. ಅವಳು ಉಟ್ಟಿದ್ದ ಹಳೆಯ ಸೀರೆಯ ಸೆರಗನ್ನು ಒಮ್ಮೆ ಸವರಿದಳು.

“ನಿಮ್ಮಪ್ಪಗೂ ಹೇಳವಾ” ಎಂದಳು.

ಇಬ್ಬರೂ ಅಪ್ಪನ ಕೋಣೆಗೆ ಹೋದೆವು. ಅಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು ತಂಗಿಗೆ ಕುರ್ಚಿ ಎಳೆದುಕೊಟ್ಟ.

“ನನಗ ತಿಳೀಲಿಲ್ಲವಾ ಶಾಂತಾ” ಎಂದ. “ಕೂಡ್ರು, ಮಾತಾಡೂಣು.”